ಹೊಸ ಚಕ್ಕಡಿಯ ಮೊದಲ ಬೇಸಿಗೆ

ಜಮಖಂಡಿ-ಮುಧೋಳ ಸೀಮೆಯಲ್ಲಿ ಸಾಲ ಮಾಡಿ ಹೊಸ ಚಕ್ಕಡಿ ಕೊಂಡ ರೈತನಿಗೆ ಮೊದಲ ಬೇಸಿಗೆಯೇ ಪರೀಕ್ಷೆಯ ಕಾಲವಾಗಿತ್ತು. ಬಣ್ಣ ಬಳಿದ ಗಾಲಿ ನೋಡಲು ಚೆಂದ. ಒಳಗಿನ ಜಾಲಿಯ ಕಟ್ಟಿಗೆ ಹಸಿಯೋ ಒಣಗಿದ್ದೋ ಎಂಬುದನ್ನು ಬಣ್ಣವು ಹೇಳಲೊಲ್ಲದು. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಹಳಿಯನ್ನು ಕಮ್ಮಾರನು ಗಾಲಿಗೆ ತೊಡಿಸಿ ನೀರೆರೆದಾಗ ಕಬ್ಬಿಣವು ಕುಗ್ಗಿ ಕಟ್ಟಿಗೆಯನ್ನು ಬಿಗಿಹಿಡಿಯುವುದು. ಆದರೆ ಬಡಿಗನು ಅವಸರದಿಂದ ಹಸಿ ಕಟ್ಟಿಗೆಯನ್ನೇ ಬಳಸಿದ್ದರೆ ಚೈತ್ರದ ಬಿಸಿಲಿಗೆ ಅದೂ ಕುಗ್ಗುವುದು. ಹಳಿ ಸಡಿಲವಾಗಿ ಅರಗಳು ಅಲುಗಾಡತೊಡಗುವುವು. ಕಬ್ಬು ಹೇರಿಕೊಂಡು ಆಲೆಮನೆಗೆ ಹೊರಟಾಗ ಹಳಿ ಕಳಚಿತೆಂದರೆ ಮೊದಲ ಪೆಟ್ಟು ಎತ್ತುಗಳ ಹೆಗಲಿಗೆ. ಗಾಲಿಯನ್ನು ಘಟಪ್ರಭೆಯ ನೀರಿನಲ್ಲಿ ನೆನೆಯಿಟ್ಟರೆ ಕಟ್ಟಿಗೆ ಉಬ್ಬಿ ಬಿಗಿಯಾಗುವುದೇನೋ ನಿಜ. ಒಣಗಿದೊಡನೆ ಮತ್ತೆ ಅದೇ ಹಾಡು! ಕೊನೆಗೆ ಹಳಿಯನ್ನು ಕಳಚಿ, ತುಸು ಕತ್ತರಿಸಿ, ಬೆಸೆದು ಮತ್ತೆ ತೊಡಿಸಬೇಕು. ಆ ಕೂಲಿಯನ್ನೂ ಸಾಲಗಾರ ರೈತನೇ ತೆರಬೇಕಾಗುತ್ತಿತ್ತು.