ತರುಣಸೇವಕನ ಸ್ವಂತ ತತ್ತ್ವ



ನಮ್ಮ ಪಟ್ಟಣಗಳಲ್ಲಿ ತರುಣರ ಸಂಘಗಳಿಗೆ ಕೊರತೆಯಿಲ್ಲ. ಒಂದು ಬೀದಿಯಲ್ಲಿ ವಾಚನಾಲಯ, ಇನ್ನೊಂದರಲ್ಲಿ ಗರಡಿ, ಮತ್ತೊಂದರಲ್ಲಿ ನಾಟಕ ಮಂಡಲಿ. ಇವುಗಳ ಹಿಂದೆ ತಮ್ಮ ಸಂಜೆಯ ಹೊತ್ತನ್ನು ಹುಡುಗರಿಗಾಗಿ ಮುಡಿಪಿಟ್ಟ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ. “ಈ ಕೆಲಸವನ್ನು ತಾವು ಏತಕ್ಕಾಗಿ ಮಾಡುತ್ತೀರಿ?” ಎಂದು ಅವರನ್ನು ಕೇಳಿದರೆ, “ಹುಡುಗರು ಹಾಳಾಗಬಾರದಲ್ಲ!” ಎಂಬ ಉತ್ತರ ಬರುತ್ತದೆ. ಉತ್ತರ ಸಾಧುವಾದದ್ದೇ. ಆದರೆ ಹಾಳಾಗುವುದೆಂದರೇನು, ಹಸನಾಗುವುದೆಂದರೇನು, ಅದನ್ನು ನಿರ್ಣಯಿಸತಕ್ಕವರು ಯಾರು ಎಂದು ಮುಂದುವರಿದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಮಾತನ್ನು ಸ್ವಲ್ಪ ದೂರ ಮುಂದುವರಿಸುವುದು ಈ ಭಾಷಣದ ಉದ್ದೇಶ.

ತರುಣಸೇವೆಯಲ್ಲಿ ತೊಡಗಿದ ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ತತ್ತ್ವ ಬೇಕೆಂಬುದು ನಮ್ಮ ಅಭಿಪ್ರಾಯ. ತತ್ತ್ವವೆಂದೊಡನೆ ದ್ವೈತಾದ್ವೈತಗಳ ಕಡೆಗೆ ಹೋಗಬೇಕಾಗಿಲ್ಲ. ಯೋಚನೆಗೆ ಹೊತ್ತಿಲ್ಲದಾಗ ನಮ್ಮ ಕೈಯನ್ನು ಇಂಥ ಕಡೆಗೆ ಎಂದು ನಡೆಸುವ ನಂಬಿಕೆ ಯಾವುದೋ ಅದೇ ಇಲ್ಲಿ ತತ್ತ್ವ.

ಇದನ್ನು ನಾವು ಕಲಿತದ್ದು ಗ್ರಂಥದಿಂದಲ್ಲ, ಒಂದು ತಪ್ಪಿನಿಂದ. ಹಲವು ವರುಷಗಳ ಹಿಂದೆ ಒಂದು ಬಡಾವಣೆಯ ತರುಣ ಸಂಘವನ್ನು ನಾವು ನೋಡಿಕೊಳ್ಳುತ್ತಿದ್ದೆವು. “ನಂಬಿಕೆಯೇ ನಮ್ಮ ಬಲ” ಎಂದು ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಸಿದ್ದೆವು. ಹಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ನಮ್ಮ ಜೇಬಿನಲ್ಲಿಯೇ ಇರುತ್ತಿತ್ತು. ಒಂದು ಸಂಜೆ ಲೆಕ್ಕದಲ್ಲಿ 40 ರೂಪಾಯಿ ಕಡಮೆ ಬಂದಿತು. ಅಂದು ಕೊಠಡಿಯನ್ನು ಗುಡಿಸಿದ್ದ ಹುಡುಗನ ಚೀಲವನ್ನು ಎಲ್ಲರೆದುರಿಗೇ ಬಿಚ್ಚಿ ನೋಡಿದೆವು. ಅದರಲ್ಲಿದ್ದದ್ದು ಎರಡು ಪುಸ್ತಕ, ಒಂದು ಊಟದ ಡಬ್ಬಿ. ಮೂರು ದಿನಗಳ ಮೇಲೆ ತಪ್ಪು ಸಿಕ್ಕಿತು: ಚೆಂಡು ಕೊಂಡ ಹಣವನ್ನು ಖರ್ಚಿಗೆ ಬರೆಯಲು ನಾವೇ ಮರೆತಿದ್ದೆವು. ಹುಡುಗನ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಅವನ ತಾಯಿ ಕಾಫಿ ಕೊಟ್ಟು ಉಪಚರಿಸಿದರು. ಅವನು “ಇರಲಿ ಬಿಡಿ, ಸಾರ್” ಎಂದ. ಮತ್ತೆ ಸಂಘಕ್ಕೆ ಬರಲಿಲ್ಲ. ನಾವು ನಿಜವಾಗಿ ನಂಬಿದ್ದು ಗೋಡೆಯ ಮೇಲಿನ ಮಾತನ್ನಲ್ಲ, ಜೇಬಿನೊಳಗಿನ ಬೀಗದ ಕೈಯನ್ನು ಎಂದು ಅಂದು ನಮಗೆ ತಿಳಿಯಿತು.

ಹಾಗಾದರೆ ತತ್ತ್ವವನ್ನು ರೂಢಿಸಿಕೊಳ್ಳುವುದು ಹೇಗೆ? ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳುವುದು ಮೊದಲ ಹೆಜ್ಜೆ.

ನಾವು ಸೇವೆ ಮಾಡುವ ‘ತರುಣರು’ ಯಾರು ಎಂಬುದು ಮೊದಲನೆಯ ಪ್ರಶ್ನೆ. ಇದು ಸುಲಭವೆಂದು ತೋರುತ್ತದೆ. ಆದರೆ ದೊಡ್ಡವರೂ ಇಲ್ಲಿ ಎಡವಿದ್ದಾರೆ. 1907ನೆಯ ಇಸವಿಯ ಆಗಸ್ಟಿನಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕೂಡಿಸಿ ಶಿಬಿರ ಹೂಡಿದರು. ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಅಲ್ಲಿ ಬೆರೆಸಿ ನಾಲ್ಕು ತಂಡಗಳನ್ನಾಗಿ ಮಾಡಿ, ಒಂದೊಂದು ತಂಡದ ಹೊಣೆಯನ್ನೂ ಒಬ್ಬೊಬ್ಬ ಹುಡುಗನಿಗೇ ಒಪ್ಪಿಸಿದರು. ಆ ಕಾಲಕ್ಕೆ ಅದು ಧೈರ್ಯದ ಕಾರ್ಯ. ಆದರೂ ಆ ಯೋಜನೆಯಲ್ಲಿ ಹೆಣ್ಣುಮಕ್ಕಳು ಇರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಸ್ಕೌಟರ ಮೇಳ ನೆರೆದಾಗ ಕೆಲವು ಹುಡುಗಿಯರು ತಾವೂ ಸ್ಕೌಟರೆಂದು ಹೇಳಿಕೊಂಡು ಬಂದು ನಿಂತರು. ಮರುವರುಷ ಗರ್ಲ್ ಗೈಡ್ ಸಂಸ್ಥೆ ಹುಟ್ಟಿತು. ಅದೇ 1909ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಕೌಟ್ ದಳ ಆರಂಭವಾಯಿತು. ಆದರೆ ಅದು ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಾಗಿ. ಈ ನೆಲದ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆನಿ ಬೆಸೆಂಟರು 1916ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಬೇರೊಂದು ಸ್ಕೌಟ್ ಸಂಸ್ಥೆಯನ್ನು ಕಟ್ಟಬೇಕಾಯಿತು. ಸ್ಕೌಟರೆಲ್ಲರೂ ಸೋದರರೆಂಬ ಮಾತು ಇದ್ದೂ ಬಾಗಿಲು ಮುಚ್ಚಿತ್ತು. ನಮ್ಮ ಸಂಘಕ್ಕೆ ಬಾರದೆ ಇರುವವರು ಯಾರು, ಏಕೆ ಬಾರರು ಎಂದು ಎಣಿಸಿದರೆ ನಮ್ಮ ಮುಚ್ಚಿದ ಬಾಗಿಲೂ ನಮಗೆ ಕಾಣಿಸೀತು.

ಬಂದವರಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿದೆಯೆ ಎಂಬುದು ಎರಡನೆಯ ಪ್ರಶ್ನೆ. ಶಿಬಿರ, ಸಮವಸ್ತ್ರ, ಹಾಡು, ಕವಾಯತು, ಹುಡುಗರಿಂದಲೇ ಹುಡುಗರ ಮುಂದಾಳುತನ — ಇವೆಲ್ಲ ಒಳ್ಳೆಯ ಸಾಧನಗಳೆಂದು ನಾವು ತಿಳಿದಿದ್ದೇವೆ. ಆದರೆ ಜರ್ಮನಿಯಲ್ಲಿ ಹಿಟ್ಲರನ ತರುಣ ಪಡೆಯಲ್ಲಿಯೂ ಇವೆಲ್ಲ ಇದ್ದವು. 1936ರ ಡಿಸೆಂಬರಿನ ಕಾನೂನು ಆ ದೇಶದ ತರುಣರೆಲ್ಲರನ್ನೂ ಅದರ ವಶಕ್ಕೆ ಕೊಟ್ಟಿತು. 1939ರಲ್ಲಿ ಸೇರ್ಪಡೆ ಕಡ್ಡಾಯವಾಯಿತು. ಬೆಂಕಿಯ ಸುತ್ತ ಕುಳಿತು ಹಾಡುವ ಹುಡುಗರ ಚಿತ್ರವನ್ನಷ್ಟೇ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಭೇದ ತಿಳಿಯದು. ಭೇದವಿರುವುದು ಬೇಡವೆಂದವನಿಗೆ ಏನಾಗುತ್ತದೆ ಎಂಬುದರಲ್ಲಿ. ತಾನಾಗಿ ಬಂದು ತಾನಾಗಿ ಹೋಗಬಲ್ಲ ಹುಡುಗನ ನಡುವೆ ನಡೆಯುವ ಕೆಲಸ ತರುಣಸೇವೆ. ಹೋಗಲಾರದವನ ಮೇಲೆ ನಡೆಯುವುದು ಬೇರೆಯವರ ಕಾರ್ಯಕ್ಕೆ ಅವನನ್ನು ಹದಮಾಡುವ ಯತ್ನ. ಆ ಕಾರ್ಯ ನಮಗೆ ಎಷ್ಟು ಪವಿತ್ರವೆಂದು ತೋರಿದರೂ ಈ ಮಾತು ತಪ್ಪುವುದಿಲ್ಲ.

ನಾವು ಕೊಡುವ ಅಧಿಕಾರ ನಿಜವಾದದ್ದೆ ಎಂಬುದು ಮೂರನೆಯ ಪ್ರಶ್ನೆ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯೂನಿಸೆಫ್ ಸಂಸ್ಥೆಗಾಗಿ ಬರೆದ ಪ್ರಬಂಧವೊಂದರಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆಯೆಂದೇ ಎಣಿಸುವುದಿಲ್ಲ: ಮಕ್ಕಳನ್ನು ನಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಅಭಿಪ್ರಾಯ ಕೇಳುವುದು. ನಮ್ಮ ವಾರ್ಷಿಕೋತ್ಸವಗಳನ್ನು ನೆನೆದುಕೊಳ್ಳೋಣ. ಪ್ರಾರ್ಥನೆ ಹಾಡುವವರು, ಹಾರ ತಂದು ಕೊಡುವವರು, ಕುರ್ಚಿ ಹೊರುವವರು ಹುಡುಗರು. ಉತ್ಸವ ಬೇಕೋ ಬೇಡವೋ ಎಂದು ನಿಶ್ಚಯಿಸಿದವರು ನಾವು. ಕರ್ನಾಟಕದ ಗ್ರಾಮಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೂ ಇದೇ ಒರೆಗಲ್ಲು. ಶಾಲೆಯ ದಾರಿಯಲ್ಲಿ ದೀಪವಿಲ್ಲವೆಂದು ಹುಡುಗಿಯೊಬ್ಬಳು ಎದ್ದು ಹೇಳಿದರೆ, ಮುಂದಿನ ಸಭೆಯೊಳಗೆ ಆ ದೀಪದ ಗತಿ ಏನಾಯಿತೆಂದು ಅವಳಿಗೆ ಉತ್ತರ ದೊರೆಯಬೇಕು. ದೊರೆತರೆ ಅದು ಸಭೆ, ಇಲ್ಲವಾದರೆ ಅಲಂಕಾರ.

ಇಷ್ಟರಿಂದ ಹುಡುಗರು ಮಾಡಿದ್ದೆಲ್ಲ ಸರಿ ಎಂದು ನಾವು ಹೇಳಿದಂತಾಗಲಿಲ್ಲ. ಈಜು ಬಾರದವನನ್ನು ಕೆರೆಗೆ ಇಳಿಯಗೊಡುವುದು ಸ್ವಾತಂತ್ರ್ಯದಾನವಲ್ಲ, ಹೊಣೆಗೇಡಿತನ. ಬಲವುಳ್ಳ ಹುಡುಗನು ಬಲಹೀನನನ್ನು ಪೀಡಿಸುವಾಗ ಅವರವರೇ ತೀರಿಸಿಕೊಳ್ಳಲೆಂದು ಸುಮ್ಮನಿರುವುದೂ ಹಾಗೆಯೇ. ಪ್ರಾಣಕ್ಕೂ ಮಾನಕ್ಕೂ ಅಪಾಯವಿರುವ ಕಡೆ ಹಿರಿಯನು ಅಡ್ಡ ನಿಲ್ಲಲೇಬೇಕು. ಎಲ್ಲಿ ಅಡ್ಡ ನಿಲ್ಲುತ್ತೇವೆ, ಎಲ್ಲಿ ದಾರಿ ಬಿಡುತ್ತೇವೆ ಎಂಬ ಗೆರೆಯನ್ನು ಮುಂಚಿತವಾಗಿ ಎಳೆದು, ಹುಡುಗರಿಗೂ ತಿಳಿಸಿಡುವುದು ತತ್ತ್ವದ ಒಂದು ಮುಖ್ಯ ಭಾಗ.

ಪ್ರಶ್ನೆಗಳಿಗೆ ಉತ್ತರವನ್ನು ಏಕಾಂತದಲ್ಲಿ ಕುಳಿತು ಬರೆದರೆ ಅದು ಗೋಡೆಯ ಬರಹವಾಗುವ ಸಂಭವವೇ ಹೆಚ್ಚು. ಆದ್ದರಿಂದ ನಮ್ಮ ಸಲಹೆ ಇಷ್ಟು. ಸಂಘದಿಂದ ಮನೆಗೆ ಬಂದೊಡನೆ ಒಂದು ಪುಸ್ತಕದಲ್ಲಿ, ಅಂದು ನಡೆದ ಒಂದು ಸಂಗತಿ, ಅದರಲ್ಲಿ ನಾವು ಮಾಡಿದ್ದು ಏನು, ಯಾರ ಮಾತಿಗೆ ಕಿವಿಗೊಟ್ಟೆವು, ಯಾರನ್ನು ಬಿಟ್ಟೆವು ಎಂಬುದನ್ನು ಐದಾರು ಪಂಕ್ತಿಗಳಲ್ಲಿ ಬರೆದಿಡುವುದು. ಸಮರ್ಥನೆ ಬೇಡ; ಸಂಗತಿ ಸಾಕು. ಮೂರು ತಿಂಗಳಾದ ಮೇಲೆ ಅದನ್ನು ಮೊದಲಿನಿಂದ ಓದಿದರೆ, ಮತ್ತೆ ಮತ್ತೆ ನಾವು ಮಾಡಿದ್ದು ಏನೆಂದು ತಿಳಿದು, ನಮ್ಮ ಈಗಿನ ತತ್ತ್ವದ ಪರಿಚಯವಾಗುತ್ತದೆ. ಅದು ಮನಸ್ಸಿಗೆ ಹಿತವಾಗಲಾರದು. ಆ ಮೇಲೆ ಹುಡುಗರನ್ನೇ ಕೇಳಬೇಕು. ಬಿಟ್ಟುಹೋದವರನ್ನು ವಿಶೇಷವಾಗಿ ಕೇಳಬೇಕು. ಅನಂತರ ನಾವು ಹೇಗಿರಬೇಕೆಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು, ವರುಷಕ್ಕೊಮ್ಮೆ ತಿದ್ದುತ್ತಿರಬೇಕು.

ಆ ಪ್ರಸಂಗದ ಬಳಿಕ ನಮ್ಮ ಸಂಘದಲ್ಲಿ ಬೀಗದ ಕೈ ಹುಡುಗರೇ ಆರಿಸಿದ ಇಬ್ಬರ ಕೈಗೆ ಹೋಯಿತು. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರೆದುರಿಗೆ ಓದುವ ವಾಡಿಕೆ ಬಂದಿತು. ನಮ್ಮ ಖರ್ಚಿನ ಚೀಟಿಗಳನ್ನೂ ಅವರು ಕೇಳಿ ಪಡೆಯುತ್ತಿದ್ದರು. ಒಮ್ಮೆ ಹನ್ನೆರಡು ರೂಪಾಯಿ ಕಡಮೆ ಬಂದಾಗ ಅವರು ಯಾರ ಚೀಲವನ್ನೂ ಬಿಚ್ಚಲಿಲ್ಲ. ಲೆಕ್ಕದ ಪುಸ್ತಕವನ್ನು ಎರಡು ಸಲ ಕೂಡಿ ನೋಡಿದರು. ಆ ಕ್ರಮವನ್ನು ನಾವು ಅವರಿಗೆ ಕಲಿಸಿರಲಿಲ್ಲ. ನಾವೇ ಅವರಿಂದ ಕಲಿತೆವು. ಬಿಟ್ಟುಹೋದ ಹುಡುಗನಿಗೆ ಅದರಿಂದ ಏನೂ ದೊರೆಯಲಿಲ್ಲ ಎಂಬುದನ್ನೂ ನಾವು ಮರೆಯಲಾರೆವು. ತರುಣರ ನಡುವೆ ಕೆಲಸಮಾಡುವ ಶ್ರೋತೃಗಳು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ತಮ್ಮ ಸಂಘದ ಬೀಗದ ಕೈ ಈಗ ಯಾರ ಬಳಿಯಲ್ಲಿದೆಯೆಂದು ಒಮ್ಮೆ ವಿಚಾರಿಸಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.