ಸ್ವಂತ ಕ್ಲೌಡ್‌ನ ಗಣಕಕ್ಕೆ ದಾರಿ ಯಾವುದು?

ಪ್ರಯೋಗಾಲಯದ ಮೂರು ನಾಲ್ಕು ಸರ್ವರ್‌ಗಳನ್ನು ಜೋಡಿಸಿ ಓಪನ್‌ಸ್ಟ್ಯಾಕ್ ತಂತ್ರಾಂಶವನ್ನು ಸ್ಥಾಪಿಸಿದ್ದಾಯಿತು. ಅದರಲ್ಲಿ ಒಂದು ವರ್ಚುವಲ್ ಮೆಷಿನ್ ಚಾಲೂ ಮಾಡಿದ್ದೂ ಆಯಿತು. ಪರದೆಯ ಮೇಲೆ 'ಆಕ್ಟಿವ್' ಎಂದು ಮೂಡಿದೆ. ಆದರೆ ವಿದ್ಯಾರ್ಥಿ ತನ್ನ ಮೇಜಿನ ಗಣಕದಿಂದ ಎಷ್ಟು ಸಲ ಪಿಂಗ್ ಮಾಡಿದರೂ ಉತ್ತರವಿಲ್ಲ. ಸ್ವಂತ ಕ್ಲೌಡ್ ಕಟ್ಟಿದವರು ಮೊದಲ ದಿನವೇ ಎದುರಿಸುವ ಪೇಚು ಇದು. ಯಂತ್ರ ಕೆಟ್ಟಿಲ್ಲ, ಅದಕ್ಕೆ ನಾವಿನ್ನೂ ದಾರಿ ಮಾಡಿಕೊಟ್ಟಿಲ್ಲ, ಅಷ್ಟೆ.

ವರ್ಚುವಲ್ ಮೆಷಿನ್ ಎಂದರೆ ನಿಜವಾದ ಸರ್ವರ್‌ನೊಳಗೆ ತಂತ್ರಾಂಶವು ಸೃಷ್ಟಿಸುವ ಗಣಕ. ಇದನ್ನು ಮುಂದೆ ವಿ.ಎಂ. ಎಂದು ಕರೆಯೋಣ. ಅದರ ನೆಟ್‌ವರ್ಕ್ ಕಾರ್ಡು, ಸ್ವಿಚ್ಚು, ರೂಟರ್ ಎಲ್ಲವೂ ತಂತ್ರಾಂಶವೇ. ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸಂಸ್ಥೆಗಳು 2010ರಲ್ಲಿ ಆರಂಭಿಸಿದ ಓಪನ್‌ಸ್ಟ್ಯಾಕ್‌ನಲ್ಲಿ ಈ ಜಾಲದ ಕೆಲಸ ನೋಡಿಕೊಳ್ಳುವ ಭಾಗಕ್ಕೆ ನ್ಯೂಟ್ರಾನ್ ಎಂದು ಹೆಸರು. (ಭೌತವಿಜ್ಞಾನದ ಅಧ್ಯಾಪಕರು ಕ್ಷಮಿಸಬೇಕು!) ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯವೂ 2013ರಿಂದ ಓಪನ್‌ಸ್ಟ್ಯಾಕ್ ಬಳಸುತ್ತಿದೆ.

ವಿ.ಎಂ. ಹುಟ್ಟುತ್ತಲೇ ಅದಕ್ಕೆ 10.0.0.12ರಂತಹ ಒಂದು ಖಾಸಗಿ ಐ.ಪಿ. ವಿಳಾಸ ಸಿಗುತ್ತದೆ. 10ರಿಂದ ಆರಂಭವಾಗುವ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಒಳಜಾಲದಲ್ಲಿ ಬಳಸಬಹುದೆಂದು 1996ರಲ್ಲಿ ಪ್ರಕಟವಾದ ಅಂತರಜಾಲ ನಿಯಮವೊಂದು ಹೇಳುತ್ತದೆ. 192.168 ಎಂದು ಆರಂಭವಾಗುವವೂ ಹಾಗೆಯೇ. ಎಲ್ಲ ಹಾಸ್ಟೆಲುಗಳಲ್ಲೂ 12ನೇ ನಂಬರಿನ ಕೋಣೆ ಇರುತ್ತದಷ್ಟೆ? ಲಕೋಟೆಯ ಮೇಲೆ 'ಕೋಣೆ 12' ಎಂದಷ್ಟೇ ಬರೆದರೆ ಅಂಚೆಯಣ್ಣ ಏನು ಮಾಡಿಯಾನು?

ಆದ್ದರಿಂದ ಒಳಜಾಲವನ್ನೂ ಹೊರಜಾಲವನ್ನೂ ಒಂದು ರೂಟರ್‌ನಿಂದ ಬೆಸೆಯಬೇಕು. ಬೆಸೆದ ಕೂಡಲೇ ವಿ.ಎಂ. ಹೊರಗಿನಿಂದ ತಂತ್ರಾಂಶಗಳನ್ನು ಇಳಿಸಿಕೊಳ್ಳಬಲ್ಲದು. ಆದರೂ ಹೊರಗಿನವರು ಒಳಬರಲಾರರು. ಇದು ಹಲವರಿಗೆ ಒಗಟಾಗಿ ಕಾಣುತ್ತದೆ. ಒಳಗಿನಿಂದ ಹೊರಟ ಪ್ರತಿ ಸಂಪರ್ಕವನ್ನೂ ರೂಟರ್ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಉತ್ತರ ಬಂದಾಗ ಸರಿಯಾದ ವಿ.ಎಂ.ಗೆ ತಲುಪಿಸುತ್ತದೆ. ಹೊರಗಿನಿಂದ ಹೊಸದಾಗಿ ಬಂದ ಪೊಟ್ಟಣ ಯಾರದೆಂದು ಆ ಪಟ್ಟಿಯಲ್ಲಿ ಇರುವುದಿಲ್ಲ. ಈ ಕೊರತೆ ನೀಗಲು ಹೊರಜಾಲದ ಒಂದು ವಿಳಾಸವನ್ನು ವಿ.ಎಂ.ಗೆ ಕಟ್ಟಿಕೊಡುತ್ತೇವೆ. ಇದೇ ಫ್ಲೋಟಿಂಗ್ ಐ.ಪಿ. ವಿ.ಎಂ.ನ ಒಳಗೆ ಹುಡುಕಿದರೆ ಈ ವಿಳಾಸ ಕಾಣುವುದಿಲ್ಲ. ಅದಲುಬದಲು ನಡೆಯುವುದು ರೂಟರ್‌ನಲ್ಲಿ. ಒಂದು ವಿ.ಎಂ. ಕೆಟ್ಟರೆ ಅದೇ ವಿಳಾಸವನ್ನು ಬಿಚ್ಚಿ ಮತ್ತೊಂದಕ್ಕೆ ಕಟ್ಟಬಹುದು.

ಇಷ್ಟಾದರೂ ಪಿಂಗ್‌ಗೆ ಉತ್ತರ ಬಾರದು. ಪ್ರತಿ ವಿ.ಎಂ.ನ ಬಾಗಿಲಲ್ಲಿ ಸೆಕ್ಯುರಿಟಿ ಗ್ರೂಪ್ ಎಂಬ ಕಾವಲುಗಾರನಿದ್ದಾನೆ. ನಾವೇನೂ ಬದಲಿಸದಿದ್ದರೆ ಹೊರಹೋಗುವುದಕ್ಕೆಲ್ಲ ಅವನ ಒಪ್ಪಿಗೆಯಿದೆ. ಒಳಬರಲು ಅದೇ ಗುಂಪಿನ ವಿ.ಎಂ.ಗಳಿಗೆ ಮಾತ್ರ. ಪಿಂಗ್ ಬೇಕಿದ್ದರೆ ಐ.ಸಿ.ಎಂ.ಪಿ.ಯನ್ನು, ದೂರದಿಂದ ಲಾಗಿನ್ ಆಗಲು ಟಿ.ಸಿ.ಪಿ. 22ನೇ ಪೋರ್ಟನ್ನು ನಾವೇ ತೆರೆಯಬೇಕು. ತೆರೆಯುವಾಗ ಯಾರಿಗೆ ಎಂಬುದನ್ನೂ ಹೇಳಬೇಕು. 0.0.0.0/0 ಎಂದು ಬರೆದರೆ ವಿಳಾಸದ 32 ಬಿಟ್‌ಗಳಲ್ಲಿ ಒಂದನ್ನೂ ಪರೀಕ್ಷಿಸಬೇಡ ಎಂದರ್ಥ. ಅಂದರೆ 2ರ 32ನೇ ಘಾತದಷ್ಟು, ಸುಮಾರು 429 ಕೋಟಿ ವಿಳಾಸಗಳಿಗೆ ಆಹ್ವಾನ! ಕೊನೆಗೆ /24 ಎಂದಿದ್ದರೆ 256, /32 ಎಂದಿದ್ದರೆ ಒಂದೇ ಒಂದು.

ನಾನು ಕಂಡ ಒಂದು ಪ್ರಯೋಗಾಲಯದಲ್ಲಿ ನಡೆದದ್ದಿದು. ಅಲ್ಲಿನ ಫ್ಲೋಟಿಂಗ್ ಐ.ಪಿ.ಗಳು ಅಂತರಜಾಲಕ್ಕೆ ನೇರ ಕಾಣುವಂಥವು. ಸಂಪರ್ಕ ಸಿಗದೆ ಬೇಸತ್ತ ವಿದ್ಯಾರ್ಥಿಯೊಬ್ಬ ಎಲ್ಲ ಪೋರ್ಟ್‌ಗಳನ್ನೂ ಎಲ್ಲರಿಗೂ ತೆರೆದ. ಕೆಲಸವಾಯಿತು. ಸಂಜೆ ಜಾಗ್ರತೆಯಿಂದ, ಕಾಲೇಜಿನ ವಿಳಾಸಗಳಿಗಷ್ಟೇ 22ನೇ ಪೋರ್ಟ್ ಎಂಬ ನಿಯಮವನ್ನೂ ಸೇರಿಸಿದ. ವಾರ ಕಳೆದು ದಾಖಲೆ ತೆರೆದು ನೋಡಿದರೆ ಗೊತ್ತುಗುರಿಯಿಲ್ಲದ ಊರುಗಳಿಂದ ಪಾಸ್‌ವರ್ಡ್ ಊಹಿಸುವ ಯತ್ನಗಳು ಪುಟಗಟ್ಟಲೆ ಇದ್ದವು. ಅವನ ತಪ್ಪು ಸೂಕ್ಷ್ಮವಾದದ್ದು. ಸೆಕ್ಯುರಿಟಿ ಗ್ರೂಪ್‌ನಲ್ಲಿ 'ಬಿಡು' ಎಂಬ ನಿಯಮಗಳಿವೆಯೇ ಹೊರತು 'ತಡೆ' ಎಂಬುದಿಲ್ಲ. ಇಕ್ಕಟ್ಟಾದ ನಿಯಮ ಸೇರಿಸಿದ ಮಾತ್ರಕ್ಕೆ ವಿಶಾಲವಾದದ್ದು ರದ್ದಾಗದು; ಅದನ್ನು ಅಳಿಸಲೇಬೇಕು.

ಹಾಗಾದರೆ ಸಂಪರ್ಕ ಸಿಗದಾಗ ಮಾಡುವುದೇನು? ವಿಫಲವಾದ ಬಗೆಯನ್ನು ಗಮನಿಸಿ. ಬಹಳ ಹೊತ್ತು ಕಾದು 'ಟೈಮ್ಡ್ ಔಟ್' ಎಂದು ಬಂದರೆ ಪೊಟ್ಟಣ ದಾರಿಯಲ್ಲೇ ಕಳೆದಿರುತ್ತದೆ. ಕಾವಲುಗಾರ ಬೇಡದ್ದನ್ನು ಸದ್ದಿಲ್ಲದೆ ಬಿಸಾಡುತ್ತಾನೆ. ತಕ್ಷಣವೇ 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಸಾಮಾನ್ಯವಾಗಿ ಅದು ಒಳ್ಳೆಯ ಸುದ್ದಿ! ಪೊಟ್ಟಣ ವಿ.ಎಂ.ಗೆ ತಲುಪಿದೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ಸೇವೆ ಚಾಲೂ ಇಲ್ಲ. ಆಗ ನಿಯಮಗಳನ್ನು ಸಡಿಲಿಸಿ ಪ್ರಯೋಜನವಿಲ್ಲ. ಸೇವೆಯು 127.0.0.1ಕ್ಕೆ ಮಾತ್ರ, ಅಂದರೆ ತನಗೆ ತಾನೇ, ಕಿವಿಗೊಟ್ಟಿದೆಯೇ ಎಂದು ನೋಡಬೇಕು. ಜಾಲವಿಲ್ಲದೆಯೂ ತೆರೆಯುವ ಕನ್ಸೋಲ್ ಇದಕ್ಕೆ ನೆರವಾಗುತ್ತದೆ.

ಇನ್ನೊಂದು ವಿಚಿತ್ರ ತೊಂದರೆ: ಪಿಂಗ್ ಸರಿ, ಲಾಗಿನ್ ಮಾತ್ರ ನಡುವೆ ಹೆಪ್ಪುಗಟ್ಟುತ್ತದೆ. ವಿ.ಎಕ್ಸ್‌ಲ್ಯಾನ್ ವಿಧಾನದಲ್ಲಿ ಪ್ರತಿ ಪೊಟ್ಟಣಕ್ಕೂ 50 ಬೈಟ್‌ಗಳ ಹೊದಿಕೆ ಬೀಳುವುದರಿಂದ, 1500 ಬೈಟ್‌ನ ಮಿತಿಯಲ್ಲಿ ವಿ.ಎಂ.ಗೆ ಉಳಿಯುವುದು 1450. ಹೊದಿಕೆಯ ಲೆಕ್ಕ ತಪ್ಪಿದಾಗ ಪುಟ್ಟ ಪೊಟ್ಟಣಗಳು ದಾಟಿ ದೊಡ್ಡವು ಸಿಕ್ಕಿಬೀಳುತ್ತವೆ.

ಪ್ರತಿ ವಿ.ಎಂ.ಗೂ ಫ್ಲೋಟಿಂಗ್ ಐ.ಪಿ. ಹಂಚುವುದು ಬೇಕಿಲ್ಲ. ಹೊರಗಿನವರು ನೋಡಬೇಕಾದ ವೆಬ್ ಸರ್ವರ್‌ಗೆ ಒಂದು, ಅಧ್ಯಾಪಕರು ಲಾಗಿನ್ ಆಗುವ ದ್ವಾರಪಾಲಕ ವಿ.ಎಂ.ಗೆ ಒಂದು ಸಾಕು. ಅಂಕಪಟ್ಟಿ ಇರುವ ಡೇಟಾಬೇಸ್ ಒಳಜಾಲದಲ್ಲೇ ಉಳಿಯಲಿ. ಅದಕ್ಕೆ ತನ್ನದೇ ಗ್ರೂಪ್ ಮಾಡಿ, 3306ನೇ ಪೋರ್ಟಿಗೆ ವೆಬ್ ಸರ್ವರ್‌ನ ಗ್ರೂಪ್ ಹೆಸರನ್ನೇ ಮೂಲವಾಗಿ ಕೊಟ್ಟರೆ, ನಾಳೆ ವೆಬ್ ಸರ್ವರ್‌ನ ವಿಳಾಸ ಬದಲಾದರೂ ನಿಯಮವನ್ನು ಮುಟ್ಟಬೇಕಾಗಿಲ್ಲ.