ಗಣಿತಾನಾ? 'ಅಯ್ಯೋ, ನನ್ನ ಕೈಲಾಗಲ್ಲಪ್ಪ' ಅನ್ನಬೇಡಿ!

'ಅಮ್ಮಾ, ಈ ಲೆಕ್ಕ ಹೇಳ್ಕೊಡು' ಅಂತ ಮಗಳು ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದಾಗ ನಿಮ್ಮ ಉತ್ತರ ಏನು? 'ಅಪ್ಪ ಬರ್ಲಿ, ಅವರನ್ನ ಕೇಳು' ತಾನೇ? ಹಾಲಿನವನ ಬಾಕಿ, ಚೀಟಿ ಕಂತು, ಗ್ಯಾಸು, ಸ್ಕೂಲ್ ಫೀಸು ಎಲ್ಲವನ್ನೂ ತಲೆಯಲ್ಲೇ ಕೂಡಿ ಕಳೆಯುವ ನೀವು, ಪುಸ್ತಕದಲ್ಲಿ 'ಎಕ್ಸ್' ಕಂಡ ಕೂಡಲೇ ಹಿಂದೆ ಸರಿದುಬಿಡುತ್ತೀರಿ.

ಮಗಳ ಹೋಂವರ್ಕ್ ಆದರೆ ಹೋಗಲಿ ಬಿಡಿ. ಆದರೆ ಮದುವೆ, ಮಕ್ಕಳು ಅಂತ ಅರ್ಧಕ್ಕೇ ನಿಂತ ನಿಮ್ಮ ಡಿಗ್ರಿ? ಮಕ್ಕಳು ದೊಡ್ಡವರಾದರು, ಈಗಲಾದರೂ ಮುಗಿಸೋಣ ಅಂತ ಅರ್ಜಿ ತಂದಿರುತ್ತೀರಿ. ಬಿಸಿಎಯೋ, ಬಿಕಾಂ ಪದವಿಯೋ ಆದರೆ ವಿಷಯಗಳ ಪಟ್ಟಿಯಲ್ಲಿ ಬೀಜಗಣಿತ, ಸಂಖ್ಯಾಶಾಸ್ತ್ರ, ಸಂಭವನೀಯತೆ ಯಾವುದಾದರೂ ಒಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿಗೆ ಅರ್ಜಿ ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರುತ್ತದೆ!

ನಲವತ್ತು ದಾಟಿದ ಮೇಲೆ ನಾನೂ ಹೀಗೇ ಒಂದು ಅರ್ಜಿ ಹಿಡಿದು ಹೋಗಿದ್ದೆ. ಕೌಂಟರಿನಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಮೇಡಂ, ಮ್ಯಾಥ್ಸ್ ಇಲ್ಲದ್ದು ಯಾವುದಾದ್ರೂ ತಗೊಳ್ಳಿ, ಸುಮ್ನೆ ಯಾಕೆ ಕಷ್ಟ?' ಎಂದರು. ಹಠಕ್ಕೆ ಬಿದ್ದು ಗಣಿತವನ್ನೇ ತೆಗೆದುಕೊಂಡೆ. ಮೊದಲ ಟೆಸ್ಟಿನಲ್ಲಿ ಬಂದದ್ದು 25ಕ್ಕೆ 9. ಆ ಪೇಪರನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ವರ್ಷದ ಕೊನೆಗೆ ಪಾಸಾದೆ, ಅದೂ ಒಳ್ಳೆಯ ಅಂಕದಲ್ಲಿ. ಆ 9ರಿಂದ ಪಾಸಿನವರೆಗೆ ಬರುವಾಗ ಕಲಿತದ್ದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಬೀಜಗಣಿತ ಅಂದ್ರೆ ತಕ್ಕಡಿ

ಸಮೀಕರಣ ಎಂಬ ಶಬ್ದಕ್ಕೆ ಹೆದರಬೇಡಿ. ಅದು ತಕ್ಕಡಿ, ಅಷ್ಟೇ. ಒಂದು ತಟ್ಟೆಯಲ್ಲಿ ಒಂದೇ ತೂಕದ ಮೂರು ತೆಂಗಿನಕಾಯಿ, ಜೊತೆಗೆ 200 ಗ್ರಾಂ ಬಟ್ಟು ಇದೆ. ಇನ್ನೊಂದು ತಟ್ಟೆಯಲ್ಲಿ 1,400 ಗ್ರಾಂ. ತಕ್ಕಡಿ ಸಮವಾಗಿದೆ. ಒಂದು ಕಾಯಿಯ ತೂಕ ಎಷ್ಟು? ಎರಡೂ ಕಡೆಯಿಂದ 200 ಗ್ರಾಂ ತೆಗೆಯಿರಿ, 1,200 ಉಳಿಯಿತು. ಮೂರರಿಂದ ಭಾಗಿಸಿ, 400 ಗ್ರಾಂ. ಆಯಿತಲ್ಲ, ನೀವೀಗ ಒಂದು ಸಮೀಕರಣ ಬಿಡಿಸಿದಿರಿ! 'ಎಕ್ಸ್' ಅನ್ನುವುದು ಆ ತೆಂಗಿನಕಾಯಿಗೆ ಇಟ್ಟ ಹೆಸರು, ಬೇರೇನೂ ಅಲ್ಲ.

'ಆ ಕಡೆಯಿಂದ ಈ ಕಡೆಗೆ ಬಂದರೆ ಪ್ಲಸ್ ಮೈನಸ್ ಆಗುತ್ತದೆ' ಅಂತ ಶಾಲೆಯಲ್ಲಿ ಉರು ಹೊಡೆದದ್ದು ನೆನಪಿದೆಯಾ? ಯಾಕೆ ಅಂತ ಯಾರೂ ಹೇಳಿರಲಿಲ್ಲ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದರೆ ತಕ್ಕಡಿ ವಾಲುವುದಿಲ್ಲ, ಕಾರಣ ಇಷ್ಟೇ.

ಇನ್ನು ಎರಡು ಗೊತ್ತಿಲ್ಲದ ಸಂಖ್ಯೆಗಳಿದ್ದರೆ? ನೀವು ಮೂರು ಕೆಜಿ ಟೊಮೆಟೊ, ಎರಡು ಕೆಜಿ ಈರುಳ್ಳಿ ತಂದಿರಿ, 190 ರೂಪಾಯಿ ಆಯಿತು. ಪಕ್ಕದ ಮನೆಯವರು ಅದೇ ಅಂಗಡಿಯಿಂದ ಎರಡು ಕೆಜಿ ಟೊಮೆಟೊ, ಮೂರು ಕೆಜಿ ಈರುಳ್ಳಿ ತಂದರು, 160 ಆಯಿತು. ಎರಡೂ ಬಿಲ್ ಕೂಡಿಸಿ: ಐದು ಕೆಜಿ ಟೊಮೆಟೊ, ಐದು ಕೆಜಿ ಈರುಳ್ಳಿಗೆ 350. ಅಂದರೆ ಒಂದೊಂದು ಕೆಜಿ ಸೇರಿ 70. ಒಂದು ಬಿಲ್‌ನಿಂದ ಇನ್ನೊಂದನ್ನು ಕಳೆದರೆ, ಟೊಮೆಟೊ ಈರುಳ್ಳಿಗಿಂತ 30 ರೂಪಾಯಿ ಜಾಸ್ತಿ ಅಂತ ಗೊತ್ತಾಗುತ್ತದೆ. ಹಾಗಾದರೆ ಟೊಮೆಟೊ 50, ಈರುಳ್ಳಿ 20. ಪುಸ್ತಕದಲ್ಲಿ ಇದಕ್ಕೆ 'ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ' ಎಂಬ ಉದ್ದನೆ ಹೆಸರಿದೆ!

ಎಡವುವುದು ಇಲ್ಲೇ

ನನ್ನ 25ಕ್ಕೆ 9 ಬಂದದ್ದು ಹೊಸ ಪಾಠ ಅರ್ಥವಾಗದೆ ಅಲ್ಲ, ಹಳೆಯ ಪಾಠ ಮರೆತು. ನಮ್ಮಂಥವರು ಮುಗ್ಗರಿಸುವ ಜಾಗ ಮೂರು.

* ಮೈನಸ್ ಮತ್ತು ಆವರಣ: ಪರ್ಸಿನಲ್ಲಿ 500 ಇದೆ. 300ರ ಕುಕ್ಕರ್ ಗ್ಯಾಸ್ಕೆಟ್ ಸೆಟ್ಟಿಗೆ 50 ರೂಪಾಯಿ ರಿಯಾಯಿತಿ. ಉಳಿಯುವುದು 500 - (300 - 50), ಅಂದರೆ 250. ಆವರಣ ಮರೆತು 500 - 300 - 50 ಅಂತ ಬರೆದರೆ 150 ಆಗುತ್ತದೆ. ಅಂಗಡಿಯವನು ರಿಯಾಯಿತಿ ಕೊಡುವ ಬದಲು ನಿಮ್ಮಿಂದಲೇ 50 ಹೆಚ್ಚು ಕಿತ್ತುಕೊಂಡ ಹಾಗೆ!

* ಭಿನ್ನರಾಶಿ: ಅರ್ಧ ಲೋಟಕ್ಕೆ ಮೂರನೇ ಒಂದು ಲೋಟ ಸೇರಿಸಿ. ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿಸಿ 2/5 ಅಂತ ಬರೆಯುವವರೇ ಹೆಚ್ಚು. ಅರ್ಧ ಲೋಟಕ್ಕೆ ಇನ್ನಷ್ಟು ಸುರಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ? ಸರಿಯುತ್ತರ 5/6.

* ವರ್ಗ: 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49. ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರೆ 9 + 16, ಬರೀ 25. ನಡುವೆ ಕಾಣೆಯಾದ 24 ಎಲ್ಲಿ ಹೋಯಿತು? ಎರಡರ ಗುಣಲಬ್ಧದ ಎರಡರಷ್ಟು, ಅಂದರೆ 2 × 3 × 4. ಸೂತ್ರದ ಮಧ್ಯದ ಪದ ಇದೇ.

ಕೋರ್ಸ್ ಶುರುವಾಗುವ ಮೊದಲು ಮೂರು ವಾರ ಬರೀ ಇವನ್ನೇ ಅಭ್ಯಾಸ ಮಾಡಿ. ಮಗನ ಏಳನೇ, ಎಂಟನೇ ತರಗತಿಯ ಪುಸ್ತಕ ಸಾಕು. ನಾಚಿಕೆ ಯಾಕೆ? ಮನೆ ಕಟ್ಟುವವರು ಪಾಯದಿಂದಲೇ ಅಲ್ವಾ ಶುರು ಮಾಡೋದು.

ಚೌಕಾಬಾರದಲ್ಲಿದೆ ಸಂಭವನೀಯತೆ

ಸಂಭವನೀಯತೆಯ ಶಾಸ್ತ್ರ ಹುಟ್ಟಿದ್ದೇ ಆಟದಿಂದ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಗಣಿತಜ್ಞರು ಜೂಜಿನ ಒಂದು ಸಮಸ್ಯೆಯ ಬಗ್ಗೆ ಪತ್ರ ಬರೆದುಕೊಂಡರು. ನಮಗೆ ಜೂಜು ಬೇಡ, ಅಜ್ಜಿಮನೆಯ ಚೌಕಾಬಾರ ಸಾಕು.

ನಾಲ್ಕು ಕವಡೆ ಹಾಕುತ್ತೀರಿ. ಒಂದೊಂದೂ ಬಾಯಿ ಮೇಲಾಗಿ ಬೀಳಬಹುದು ಅಥವಾ ಮಗುಚಿ ಬೀಳಬಹುದು. ಎರಡಕ್ಕೂ ಸಮಾನ ಅವಕಾಶ ಅಂದುಕೊಳ್ಳಿ. ಒಟ್ಟು ಸಾಧ್ಯತೆ 2 × 2 × 2 × 2, ಅಂದರೆ 16. ನಾಲ್ಕೂ ಬಾಯಿ ಮೇಲಾದರೆ ಚೌಕ. ಅದು 16ರಲ್ಲಿ ಒಂದೇ ಸಲ. ನಾಲ್ಕೂ ಮಗುಚಿದರೆ ಬಾರ, ಎಂಟು ಮನೆ. ಅದೂ 16ರಲ್ಲಿ ಒಂದೇ. ಎರಡು ಮೇಲೆ, ಎರಡು ಕೆಳಗೆ ಬೀಳುವುದು 6 ಬಗೆಯಲ್ಲಿ. ಒಂದು ಬೀಳಲು 4 ಬಗೆ, ಮೂರು ಬೀಳಲು 4 ಬಗೆ. ಕೂಡಿಸಿ ನೋಡಿ, 16 ಸರಿಹೋಯಿತು. 'ಯಾವಾಗ್ಲೂ ನಂಗೆ ಎರಡೇ ಬೀಳುತ್ತೆ' ಅಂತ ಚಿಕ್ಕಂದಿನಲ್ಲಿ ಅತ್ತದ್ದು ನಿಮ್ಮ ಹಣೆಬರಹದಿಂದಲ್ಲ, ಲೆಕ್ಕದಿಂದ! ನಿಜವಾದ ಕವಡೆಯ ಎರಡು ಮೈಗಳು ಒಂದೇ ತರ ಇರುವುದಿಲ್ಲ, ಹಾಗಾಗಿ ಅವಕಾಶ ಪೂರ್ತಿ ಸಮ ಅಲ್ಲ. 'ಸಮಾನ ಅವಕಾಶ ಇದ್ದರೆ' ಎಂಬ ಮಾತು ಪರೀಕ್ಷೆಯ ಪ್ರಶ್ನೆಯಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕಾದದ್ದು ಅದಕ್ಕೇ.

ಕ್ರಮಯೋಜನೆ, ವಿಕಲ್ಪ ಎರಡರ ಗೊಂದಲ ಎಲ್ಲರಿಗೂ ಇದ್ದದ್ದೇ. ಐವರು ಇರುವ ಮಹಿಳಾ ಮಂಡಳಿಯಲ್ಲಿ ಒಬ್ಬ ಅಧ್ಯಕ್ಷೆ, ಒಬ್ಬ ಕಾರ್ಯದರ್ಶಿ ಆರಿಸಬೇಕು. ಅಧ್ಯಕ್ಷೆಗೆ 5 ಆಯ್ಕೆ, ಉಳಿದವರಲ್ಲಿ ಕಾರ್ಯದರ್ಶಿಗೆ 4, ಒಟ್ಟು 20. ಅದೇ ಐವರಲ್ಲಿ ಇಬ್ಬರು ಕಾಫಿ ಮಾಡಲು ಹೋಗಬೇಕೆಂದರೆ? ಯಾರು ಮೊದಲು, ಯಾರು ಆಮೇಲೆ ಅನ್ನುವುದು ಮುಖ್ಯವಲ್ಲ, ಹಾಗಾಗಿ ಅರ್ಧ, 10. ಹುದ್ದೆ ಬೇರೆ ಬೇರೆ ಇದ್ದರೆ ಕ್ರಮಯೋಜನೆ, ಬರೀ ಗುಂಪು ಆದರೆ ವಿಕಲ್ಪ. ಇದನ್ನು ನಮ್ಮವರು ಹಿಂದೆಯೇ ಬಲ್ಲವರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ ತನ್ನ 'ಗಣಿತಸಾರಸಂಗ್ರಹ'ದಲ್ಲಿ ವಿಕಲ್ಪದ ಸೂತ್ರ ಕೊಟ್ಟಿದ್ದಾನೆ.

ಇದರಿಂದ ನನಗೇನು ಉಪಯೋಗ?

ಕೇಳಿಯೇ ಕೇಳುತ್ತೀರಿ. ಪಾಸಾಗುವುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ.

'ಎರಡು ಹೆಣ್ಣಾಯ್ತು, ಮೂರನೆಯದು ಗ್ಯಾರಂಟಿ ಗಂಡೇ' ಅನ್ನುವ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಸೊಸೆಯಂದಿರ ಮೈ ಹಿಂಡಿದೆ! ಸಂಭವನೀಯತೆಯ ಮೊದಲ ಅಧ್ಯಾಯವೇ ಇದಕ್ಕೆ ಉತ್ತರ ಕೊಡುತ್ತದೆ. ಹಿಂದಿನ ಎರಡು ಹೆರಿಗೆ ಮೂರನೆಯದಕ್ಕೆ ಏನನ್ನೂ ಹೇಳಿಕೊಡುವುದಿಲ್ಲ. ಆ ಸಲವೂ ಅವಕಾಶ ಸುಮಾರು ಅರ್ಧಕ್ಕರ್ಧ. ಇದನ್ನು 'ಸ್ವತಂತ್ರ ಘಟನೆ' ಎನ್ನುತ್ತಾರೆ. ಮಗು ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುವುದು ತಂದೆಯ ವೀರ್ಯಾಣುವಿನಿಂದ ಅನ್ನುವುದನ್ನೂ ಜೊತೆಗೇ ನೆನಪಿಡಿ.

ಇನ್ನೊಂದು ಉದಾಹರಣೆ ನೋಡಿ. ಯಾವುದೋ ತಪಾಸಣೆಯಲ್ಲಿ ರಿಪೋರ್ಟು 'ಪಾಸಿಟಿವ್' ಬಂದರೆ ಅವತ್ತು ರಾತ್ರಿ ನಿದ್ದೆ ಬರುತ್ತದೆಯೇ? ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ತಪಾಸಣೆಗೆ ಬಂದ ಸಾವಿರ ಹೆಂಗಸರಲ್ಲಿ 10 ಜನಕ್ಕೆ ಕಾಯಿಲೆ ಇದೆ. ಅವರಲ್ಲಿ 9 ಜನರನ್ನು ಪರೀಕ್ಷೆ ಹಿಡಿಯುತ್ತದೆ. ಕಾಯಿಲೆ ಇಲ್ಲದ 990 ಜನರಲ್ಲೂ ಹತ್ತಕ್ಕೊಬ್ಬರಿಗೆ, ಅಂದರೆ 99 ಜನಕ್ಕೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಒಟ್ಟು ಪಾಸಿಟಿವ್ ಬಂದವರು 108, ನಿಜವಾಗಿ ಕಾಯಿಲೆ ಇರುವವರು 9. ಹನ್ನೆರಡರಲ್ಲಿ ಒಬ್ಬರು! ಬೇರೆ ಬೇರೆ ಪರೀಕ್ಷೆಗೆ ಅಂಕಿಗಳು ಬೇರೆ ಇರುತ್ತವೆ. ಹಾಗಂತ ರಿಪೋರ್ಟನ್ನು ಕಡೆಗಣಿಸಬೇಡಿ, ಎರಡನೇ ಪರೀಕ್ಷೆಯನ್ನು ತಪ್ಪದೇ ಮಾಡಿಸಿ. ಆದರೆ ಮೊದಲ ರಿಪೋರ್ಟಿಗೇ ಎದೆ ಒಡೆದುಕೊಳ್ಳುವುದು ಬೇಡ. 'ಡಾಕ್ಟ್ರೇ, ಪಾಸಿಟಿವ್ ಬಂದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಕಾಯಿಲೆ ಇರುತ್ತೆ?' ಎಂದು ಕೇಳುವ ಧೈರ್ಯ ಬಂದರೆ, ಕೋರ್ಸಿಗೆ ಕಟ್ಟಿದ ಫೀಸು ಅಲ್ಲಿಗೇ ವಸೂಲಾಯಿತು.

ಎಲ್ಲಿ ಕಲಿಯೋದು?

* ಪದವಿಯೇ ಬೇಕೆಂದರೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (1996ರಲ್ಲಿ ಆರಂಭ), ಇಲ್ಲವೇ 1985ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) ವಿಚಾರಿಸಿ. ಪಿಯುಸಿಯಲ್ಲಿ ಗಣಿತ ಇರಲೇಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

* ಯಾವ ಸಂಸ್ಥೆಯೇ ಇರಲಿ, ಆ ಕೋರ್ಸನ್ನು ದೂರಶಿಕ್ಷಣದಲ್ಲಿ ನಡೆಸಲು ಯುಜಿಸಿ ಒಪ್ಪಿಗೆ ಇದೆಯೇ ನೋಡದೆ ದುಡ್ಡು ಕಟ್ಟಬೇಡಿ.

* ಪದವಿ ಬೇಡ, ಕಲಿತರೆ ಸಾಕು ಅನ್ನುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಇದೆ. ಪಾಠ ಉಚಿತ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ.

* ಕನ್ನಡ ಮಾಧ್ಯಮದವರು ರಾಜ್ಯದ ಹತ್ತನೇ ತರಗತಿ ಗಣಿತ ಪುಸ್ತಕದಿಂದ ಶುರು ಮಾಡಿ. ಸಮೀಕರಣ, ಸಂಭವನೀಯತೆ ಎರಡೂ ಅದರಲ್ಲಿವೆ. ಕನ್ನಡ ಶಬ್ದದ ಪಕ್ಕದಲ್ಲೇ ಇಂಗ್ಲಿಷ್ ಶಬ್ದವನ್ನೂ ಬರೆದಿಟ್ಟುಕೊಂಡರೆ ಮುಂದೆ ಅನುಕೂಲ.

ಓದು ಹೀಗಿರಲಿ

* ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಐದು ದಿನ. ಭಾನುವಾರ ಐದು ಗಂಟೆ ಒಟ್ಟಿಗೆ ಕೂರುತ್ತೇನೆ ಅನ್ನಬೇಡಿ, ಭಾನುವಾರವೇ ನೆಂಟರು ಬರುವುದು!

* ಗಣಿತ ಓದುವ ವಿಷಯವಲ್ಲ, ಬರೆಯುವ ವಿಷಯ. ಬಿಡಿಸಿದ ಲೆಕ್ಕವನ್ನು ಒಮ್ಮೆ ನೋಡಿ, ಕೈಯಿಂದ ಮುಚ್ಚಿ, ನೀವೇ ಬಿಡಿಸಿ. ಸಿಕ್ಕಿಹಾಕಿಕೊಂಡ ಸಾಲನ್ನಷ್ಟೇ ತೆರೆದು ನೋಡಿ.

* ತಪ್ಪುಗಳಿಗೇ ಒಂದು ನೋಟ್‌ಬುಕ್ ಇಡಿ. ಪರೀಕ್ಷೆಯ ಹಿಂದಿನ ದಿನ ಅದೊಂದನ್ನು ನೋಡಿದರೆ ಸಾಕು.

* ಉತ್ತರ ಬಂದ ಮೇಲೆ ಹಾಕಿ ತಾಳೆ ನೋಡಿ. ಸಂಭವನೀಯತೆ ಒಂದಕ್ಕಿಂತ ಹೆಚ್ಚು ಬಂದರೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ.

* ಮನೆಯವರಿಗೆ ಮೊದಲೇ ಹೇಳಿ. 'ಸಂಜೆ ಆರರಿಂದ ಆರೂಮುಕ್ಕಾಲು ನಂದು' ಅಂತ ಗೋಡೆ ಕ್ಯಾಲೆಂಡರಿನಲ್ಲೇ ಬರೆಯಿರಿ. ಅತ್ತೆಯವರು ಮುಖ ಸಿಂಡರಿಸಿದರೆ ಬೇಜಾರಾಗಬೇಡಿ. ಒಂದು ಸಂಜೆ ಕವಡೆ ತಂದು ಅವರ ಜೊತೆಯೇ ನೂರು ಸಲ ಹಾಕಿ, ಯಾವುದು ಎಷ್ಟು ಸಲ ಬಿತ್ತು ಬರೆದುಕೊಳ್ಳಿ. ನಿಮ್ಮ ಪ್ರಾಕ್ಟಿಕಲ್ಲೂ ಆಯಿತು, ಅವರ ಮುನಿಸೂ ಇಳಿಯಿತು.

ಪರೀಕ್ಷೆ ಹಾಲಿನಲ್ಲಿ ಮಗನ ವಯಸ್ಸಿನ ಹುಡುಗರು 'ಆಂಟಿ, ಸ್ಕೇಲ್ ಇದ್ಯಾ?' ಅಂತ ಕೇಳುತ್ತಾರೆ. ಮೊದಲ ದಿನ ಮುಜುಗರ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಎರಡನೇ ದಿನ ನೀವೇ ಎರಡು ಸ್ಕೇಲ್ ತೆಗೆದುಕೊಂಡು ಹೋಗುತ್ತೀರಿ.

ಆ 25ಕ್ಕೆ 9ರ ಪೇಪರನ್ನು ನಾನಿನ್ನೂ ಎಸೆದಿಲ್ಲ. ಮೊನ್ನೆ ಮಗಳಿಗೆ ಟೆಸ್ಟಿನಲ್ಲಿ ಕಡಿಮೆ ಅಂಕ ಬಂದು ಮುಖ ಊದಿಸಿಕೊಂಡು ಕೂತಿದ್ದಾಗ ತೆಗೆದು ತೋರಿಸಿದೆ. 'ನಿಂಗೂ ಇಷ್ಟು ಕಮ್ಮಿ ಬಂದಿತ್ತಾ ಅಮ್ಮಾ?' ಎಂದು ಕಣ್ಣರಳಿಸಿದಳು. ಆಮೇಲೆ ತನ್ನ ಪುಸ್ತಕ ತಂದು ನನ್ನ ಪಕ್ಕದಲ್ಲೇ ಕೂತಳು. 'ಅಪ್ಪ ಬರ್ಲಿ' ಅನ್ನುವ ಮಾತು ಅವತ್ತು ಬರಲಿಲ್ಲ.

ಈಗ ಹೋಗಿ, ಬೀರುವಿನಲ್ಲಿ ಸೀರೆಗಳ ಕೆಳಗಿರುವ ಆ ಅರ್ಜಿಯನ್ನೊಮ್ಮೆ ಹೊರಗೆ ತೆಗೆಯಿರಿ. ಕೊನೆಯ ದಿನಾಂಕ ಯಾವತ್ತು ಅಂತ ನೋಡಿ.